ನಳದ ಗುಂಡಿ

ಹೊಟ್ಟೆಕಿಚ್ಚು ಅಂದರೆ ಏನು ಅಂತ ಬೆಟಗೇರಿಯ ಆ ಓಣಿಯಲ್ಲಿ ಯಾರನ್ನಾದರೂ ಕೇಳಿ, ನೆಟ್ಟಗೆ ರಮಜಾನಬಿಯ ಮನೆ ತೋರಿಸುತ್ತಾರೆ. ಪಾಪ, ಅವಳನ್ನೇ ಅಂದು ಏನು ಪ್ರಯೋಜನ! ಗಾದಿ ಹೊಲಿಯುವ ಬುಡ್ಡೇಸಾಬರ ಹಿರಿಯ ಸೊಸೆಯಾಗಿ ಬಂದಂದಿನಿಂದ ಮಾವನಿಗೆ ಕುಡಿಯುವ ನೀರು ಕೊಡುತ್ತಿದ್ದವಳು ಅವಳೇ. ಅತ್ತೆ ಸಾಯುವಾಗ ಕೈ ಹಿಡಿದು ಅದನ್ನೇ ಹೇಳಿ ಹೋಗಿದ್ದಳು. ಆಮೇಲೆ ಕಿರಿಯ ಸೊಸೆ ಶಾಹಿಸ್ತಾ ಬಂದಳು, ತುಂಗಭದ್ರೆ ದಂಡೆಯ ಕೊರ್ಲಹಳ್ಳಿಯವಳು. ನಡುವೆ ಗೋಡೆ ಎದ್ದಿತು, ಒಲೆ ಎರಡಾದವು. ಮಾವ ಮಾತ್ರ ಬಾಯಾರಿದಾಗೆಲ್ಲ ತಂಬಿಗೆ ಹಿಡಿದು ಕಿರಿಯವಳ ಬಾಗಿಲಿಗೆ ಹೋಗತೊಡಗಿದರು.

"ಆಕಿ ಕೊಡೂ ನೀರಿಗೆ ಹೊಳಿ ರುಚಿ ಐತಿ ನೋಡವಾ," ಎನ್ನುವರು.

ಹೊಳೆ ರುಚಿಯಂತೆ! ಎರಡೂ ಮನೆಗೆ ಬರುವುದು ಅದೇ ಹೊಳೆಯ ನೀರು, ಅದೇ ಪೈಪು. ಮುದುಕನ ತಂಬಿಗೆ ತನ್ನ ಹೊಸ್ತಿಲು ದಾಟಿ ಹೋಗುವುದನ್ನು ನೋಡಿದಾಗೆಲ್ಲ ಯಾರೋ ತನ್ನ ಸಂಸಾರವನ್ನೇ ಹೊತ್ತು ಒಯ್ದಂತೆ ರಮಜಾನಬಿಗೆ ಅನಿಸುತ್ತಿತ್ತು. ಹೇಗಾದರೂ ಮಾಡಿ ಆ ತಂಬಿಗೆಯನ್ನು ತನ್ನ ಕೈಗೆ ತಿರುಗಿಸಬೇಕು ಎಂಬ ಒಂದೇ ಹಟ.

ಆ ಓಣಿಗೆ ನೀರು ಬರುವುದು ಎಂದೋ ಒಮ್ಮೆ, ಅದೂ ಜೋರಿಲ್ಲದೆ. ಅದಕ್ಕೇ ಅಲ್ಲಿಯವರು ಬಾಗಿಲ ಮುಂದೆ ಗುಂಡಿ ತೋಡಿ, ನಳವನ್ನು ನೆಲದಡಿಗೆ ಇಳಿಸಿ, ಗುಂಡಿಯೊಳಗೆ ಕುಳಿತು ಕೊಡ ತುಂಬುತ್ತಾರೆ. ಯಾರ ಗುಂಡಿ ಆಳವೋ ಅವರಿಗೆ ಮೊದಲ ನೀರು, ಕಡೆಯ ನೀರೂ ಅವರಿಗೇ. ಪೈಪು ಮೊದಲು ಮುಟ್ಟುವುದು ರಮಜಾನಬಿಯ ಬಾಗಿಲನ್ನು; ಆದರೂ ಶಾಹಿಸ್ತಾಳ ಗುಂಡಿ ಆಳವಾಗಿದ್ದರಿಂದ ನೀರು ಇವಳನ್ನು ಬಿಟ್ಟು ಅಲ್ಲಿಗೆ ಓಡುತ್ತಿತ್ತು. ಹೊಸ ನೀರು ಬಂದ ದಿನ ಮೊದಲ ತಂಬಿಗೆಯನ್ನು ಅಲ್ಲೇ ನಿಂತು ಗಟಗಟ ಕುಡಿಯುವುದು ಬುಡ್ಡೇಸಾಬರ ಚಟ.

ರಮಜಾನಬಿ ಆಳು ಕರೆಸಿದಳು. "ಆಕಿದಕ್ಕಿಂತ ಒಂದ್ ಮೊಳ ಕೆಳಗ ಇಳಸು," ಎಂದಳು.

"ಪಾತಾಳಕ್ಕ ಹೊಂಟೀಯೇನ ಬೇ?" ಎಂದು ಎದುರು ಮನೆಯ ಸುಮಿತ್ರವ್ವ ನಕ್ಕಳು. ನಗಲಿ! ನೀರು ಬರುವ ಮುಂಚೆ ಪೈಪಿನಿಂದ ಗಾಳಿ ಬುಸುಗುಡುತ್ತದೆ. ಆ ಸಪ್ಪಳ ತನಗೇ ಮೊದಲು ಕೇಳಬೇಕೆಂದು ರಮಜಾನಬಿ ಪೈಪಿನ ಬಾಯಿಗೆ ಬೂಚನ್ನೂ ಹಾಕಲಿಲ್ಲ.

ಶಾಹಿಸ್ತಾ ಮೆಲ್ಲಗೆ ಹೇಳಿದಳು. "ಅಕ್ಕಾ, ಮಳಿಗಾಲ ಐತಿ, ಬೂಚ ಹಾಕ್ರಿ. ಗಟಾರದ ನೀರು ಪೈಪಿನಾಗ ಹೋದೀತು."

"ನಿನ್ನಿಂದ ಕಲೀಬೇಕಾಗಿಲ್ಲ ನಾ," ಎಂದು ರಮಜಾನಬಿ ಕದ ಹಾಕಿಕೊಂಡಳು.

ಶ್ರಾವಣದಲ್ಲಿ ಹೊಳೆಗೆ ಮಹಾಪೂರ ಬಂತು. ದಂಡೆಯ ಪಂಪುಗಳು ಮುಳುಗಿ ಊರಿಗೆ ನೀರು ಬಂದ್ ಆಯಿತು. ಅತ್ತ ಕೊರ್ಲಹಳ್ಳಿಯ ಹೊಲಗಳೆಲ್ಲ ನೀರಿನ ಪಾಲು, ಇತ್ತ ಬೆಟಗೇರಿಯಲ್ಲಿ ಕುಡಿಯಲು ಹನಿ ಇಲ್ಲ. ಇದ್ದದ್ದು ಸಾಲದೆಂಬಂತೆ ಇಲ್ಲಿಯೂ ಮಳೆ ಹೊಡೆದು ಗಟಾರ ಉಕ್ಕಿ, ಗುಂಡಿಗಳೆಲ್ಲ ತುಂಬಿದವು.

"ನೀರು ಬಿಡ್ತಾರಂತ!" ಎಂದು ಸುದ್ದಿ ಬಂದ ಬೆಳಿಗ್ಗೆ ರಮಜಾನಬಿ ಬಕೀಟಿನಿಂದ ಗುಂಡಿಯ ಕೊಚ್ಚೆ ಎತ್ತಿ ಚೆಲ್ಲತೊಡಗಿದಳು. ಅರ್ಧ ಖಾಲಿಯಾದಾಗ ಅವಳ ಕಣ್ಣಿಗೆ ಬಿತ್ತು: ಬರಿದಾಗಿದ್ದ ಪೈಪು ಆ ಕಪ್ಪು ನೀರನ್ನು ಗೊಳಗೊಳ ಒಳಗೆ ಎಳೆದುಕೊಳ್ಳುತ್ತಿತ್ತು. ಗಡಬಡಿಸಿ ಹರಕು ಅರಿವೆ ತುರುಕಿದಳು. ಅಷ್ಟರಲ್ಲಿ ನೀರು ಬಂದೇಬಿಟ್ಟಿತು. ಒಳಗೆ ಹೋದ ಹೊಲಸನ್ನೆಲ್ಲ ಅದು ಮುಂದೆ ತಳ್ಳಿಕೊಂಡು ಹೋಗುವುದು ಶಾಹಿಸ್ತಾಳ ನಳಕ್ಕೇ.

ಅಲ್ಲಿ ಕೆನ್ನೀರು ಸುರಿಯುತ್ತಿತ್ತು. ಪೂರದ ನೀರು ಕೆಂಪಗೆ ಇರುವುದೇ ಎಂದು ಯಾರಿಗೂ ಸಂಶಯ ಬರಲಿಲ್ಲ.

"ತಡೀರಿ ಮಾವಾ, ಕಾಸಿ ಕೊಡ್ತೀನಿ," ಎಂದಳು ಶಾಹಿಸ್ತಾ.

"ಹೊಳಿ ನೀರು ಕಾಸತಾರೇನ ಹುಚ್ಚಿ!" ಎಂದು ಮುದುಕ ನಗುತ್ತ ತಾವೇ ತಂಬಿಗೆ ತುಂಬಿಕೊಂಡರು.

'ಕುಡೀಬ್ಯಾಡ್ರಿ' ಎಂಬ ಮಾತು ರಮಜಾನಬಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಾವ ಶಾಹಿಸ್ತಾಳನ್ನು ನೋಡಿ ಹೇಗೆ ನಗುತ್ತಿದ್ದರು! ತನ್ನನ್ನು ನೋಡಿ ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ಅವಳು ಬಾಯಿ ಮುಚ್ಚಿಕೊಂಡಳು. ಬುಡ್ಡೇಸಾಬರು ತಂಬಿಗೆ ಬರಿದು ಮಾಡಿದರು.

ಸಂಜೆಗೇ ವಾಂತಿ, ಭೇದಿ. ಕಣ್ಣು ಒಳಗೆ ಹೋದವು, ಮೈ ತಣ್ಣಗಾಯಿತು. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದಾಗ ರಮಜಾನಬಿ ಮಂಚದ ಕಾಲು ಹಿಡಿದು ಅತ್ತದ್ದು ಖರೆ ಅಳು. ಹಾಗೂ ಹೀಗೂ ಜೀವ ಉಳಿಯಿತು.

ಮನೆಗೆ ಕರೆತಂದಾಗ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮುದುಕ ಗಾದಿಗೆ ಒರಗಿ ಹೇಳಿದರು: "ದೊಡ್ಡಾಕಿ ನೀರು ಎಂದೂ ನನಗ ಬ್ಯಾನಿ ತರಲಿಲ್ಲ. ಇನ್ನ ಮ್ಯಾಲ ಆಕಿ ಕೈಯಾಗಿಂದ ಅಷ್ಟ ಕುಡೀತೀನಿ."

ಗೆದ್ದಳು! ಕಾಸಿ ಆರಿಸಿದ ನೀರನ್ನು ರಮಜಾನಬಿ ಓಡಿಹೋಗಿ ತಂದು ಅವರ ಕೈಗಿಟ್ಟಳು. ಆಗ ಶಾಹಿಸ್ತಾ ತಲೆ ತಗ್ಗಿಸಿ, "ನಂದ ತಪ್ಪು ಮಾವಾ, ಕೈಯಾಗಿನ ತಂಬಿಗಿ ಕಸಗೋಬೇಕಾಗಿತ್ತು," ಎಂದಳು. ಹೇಳುತ್ತ ಒಮ್ಮೆ ರಮಜಾನಬಿಯ ಕಡೆ ನೋಡಿದಳು. ಸಿಟ್ಟಿಲ್ಲದ ನೋಟ. ಅವಳಿಗೆ ಎಲ್ಲ ಗೊತ್ತಿತ್ತು. ಬೂಚಿಲ್ಲದ ಪೈಪನ್ನು ಅವಳೂ ಕಂಡಿದ್ದಳು.

"ಎಂಥಾ ದೊಡ್ಡ ಮನಸ್ಸವಾ ಈ ಹುಡುಗೀದು!" ಎಂದಳು ಸುಮಿತ್ರವ್ವ.

ಅಷ್ಟೇ, ರಮಜಾನಬಿಗೆ ತಡೆಯಲಾಗಲಿಲ್ಲ. ಗೆದ್ದದ್ದೂ ಇವಳ ಭಿಕ್ಷೆಯೇ? ಹೊಗಳಿಕೆಯೂ ಇವಳಿಗೇ?

"ನನ್ನ ತಪ್ಪನ್ನೂ ನೀನ ತಗೋತೀಯೇನಲೇ?" ಎಂದು ಕಿರುಚಿದಳು. "ಆ ಹೊಲಸು ನನ್ನ ಗುಂಡೀದು! ಬೂಚ ಹಾಕದಾಕಿ ನಾನು! ಮಾವ ಕುಡಿಯೂದು ನೋಡಿನೂ ಸುಮ್ಮನ ನಿಂತಾಕಿ ನಾನು!"

ಬುಡ್ಡೇಸಾಬರು ಹಿರಿಯ ಸೊಸೆಯ ಮುಖ ನೋಡಿದರು, ಕೈಯಲ್ಲಿದ್ದ ನೀರನ್ನು ನೋಡಿದರು.

"ಇದನ್ನ ಕಾಸೀಯೇನವಾ?"

"ಕಾಸೇನ್ರಿ," ಎಂದಳು ರಮಜಾನಬಿ, ಅಳುತ್ತ.

ಅವರು ತಂಬಿಗೆ ಎತ್ತಿ ಒಂದು ಹನಿಯೂ ಉಳಿಯದಂತೆ ಕುಡಿದರು. ರಮಜಾನಬಿಯ ಉಸಿರು ಮರಳಿ ಬಂತು. ಬಾಯಿ ಒರೆಸಿಕೊಂಡ ಮುದುಕ ಬರಿದಾದ ತಂಬಿಗೆಯನ್ನು ಅವಳ ತಲೆಯ ಮೇಲಿಂದ ಆಚೆಗೆ ಚಾಚಿದರು.

"ಶಾಹಿಸ್ತಾ, ಇನ್ನೊಂದೀಟು ತಗೊಂಬಾರವಾ."

ಶಾಹಿಸ್ತಾ ತಂಬಿಗೆ ತೆಗೆದುಕೊಂಡು ಗೋಡೆಯಾಚೆ ತನ್ನ ಒಲೆಯ ಕಡೆ ನಡೆದಳು. ರಮಜಾನಬಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವಳ ಬೆನ್ನನ್ನೇ ಸುಡುವಂತೆ ನೋಡುತ್ತ ಕುಳಿತಳು.