ಕಿವಿ ಹಿಡ್ಕೋ

ತನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥ ಕಷ್ಟವೇ ಬಂದಿಲ್ಲವಲ್ಲ ಎಂಬುದು ರನೀಟಾಳ ಗುಟ್ಟಿನ ಚಿಂತೆ. ನಾಳೆ ಚರ್ಚಿನಲ್ಲಿ ಹೆಂಗಸರ ದಿನ. ಮನೆತನದ ಮೊದಲ ಪದವೀಧರೆ ಎಂದು ಅವಳನ್ನೇ ಸಾಕ್ಷಿ ಹೇಳಲು ಆರಿಸಿದ್ದರು. ಸಾಕ್ಷಿಯೆಂದರೆ ‘ನಾನು’ ಎಂದು ಶುರುಮಾಡಿ ತನ್ನ ಬದುಕನ್ನು ತಾನೇ ಎಲ್ಲರೆದುರು ಹೇಳುವುದು. ಕಾಲೇಜಿನಲ್ಲಿ ಅವಳು ತನ್ನಂಥ ಅಮೆರಿಕದ ಕಪ್ಪು ಹೆಂಗಸರ ಆತ್ಮಕಥೆಗಳನ್ನು ಕಪಾಟುಗಟ್ಟಲೆ ಓದಿದ್ದಳು. ಅವುಗಳಲ್ಲಿ ಮೂರನೆಯ ಪುಟ ದಾಟುವಷ್ಟರಲ್ಲಿ ಮನೆಗೆ ಬೆಂಕಿ ಬೀಳುತ್ತಿತ್ತು, ಇಲ್ಲವೇ ಅಪ್ಪ ಮನೆಬಿಟ್ಟು ಹೋಗುತ್ತಿದ್ದ. ರನೀಟಾಳ ಅಪ್ಪನೋ ಅಂಚೆ ಕಚೇರಿಯಿಂದ ನೇರ ಮನೆಗೆ ಬಂದು ಸೋಫಾದ ಮೇಲೆ ಗೊರಕೆ ಹೊಡೆಯುವ ಆಸಾಮಿ. ಅವನನ್ನು ಓಡಿಸುವುದಾದರೂ ಹೇಗೆ?

ಕೊನೆಗೆ ಅವಳು, ಪಕ್ಕದ ಮನೆಯಿಂದ ಸಕ್ಕರೆ ಕಡ ತಂದಂತೆ, ಅಜ್ಜಿಯ ಕಷ್ಟಗಳನ್ನೇ ತಂದು ‘ನಾನು’ ಎಂದು ಬರೆದುಕೊಂಡಳು.

ಅಂದು ಶನಿವಾರ. ವರ್ನೆಲ್ ಆಂಟಿಯ ಕೇಶಾಲಂಕಾರದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚರ್ಚಿಗೆ ಹೋಗುವ ಗುಂಗುರು ತಲೆಗಳೆಲ್ಲ ಅಲ್ಲೇ ನೆಟ್ಟಗಾಗಬೇಕು. ಅಜ್ಜಿ ಆರ್ಡೀಲಿಯಾ ಡ್ರೈಯರಿನ ಟೊಪ್ಪಿಯೊಳಗಿದ್ದಳು. ನೆರೆಮನೆಯ ಯೂಫೀಮಿಯಾ ತಲೆತುಂಬ ಸುರುಳಿ ಸಿಕ್ಕಿಸಿಕೊಂಡು ಕೂತಿದ್ದಳು.

“ನಾಳೆದು ಓದೇ, ಕೇಳೋಣ,” ಎಂದಳು ವರ್ನೆಲ್, ಕೂದಲು ನೆಟ್ಟಗಾಗಿಸುವ ಕಬ್ಬಿಣದ ಬಾಚಣಿಗೆಯನ್ನು ಕಾಯಲು ಒಲೆಯ ಮೇಲಿಡುತ್ತಾ.

ರನೀಟಾ ತಲೆ ಎತ್ತದೆ ಓದಿದಳು. “ನಾನು ಬರಿಗಾಲಲ್ಲಿ ಹತ್ತಿಹೊಲದ ಸಾಲುಗಳಲ್ಲಿ ನಡೆದೆ. ನನ್ನ ಬೆರಳುಗಳಿಂದ ರಕ್ತ ಒಸರುತ್ತಿತ್ತು...”

“ಯಾವ ಹತ್ತಿನೇ?” ಎಂದಳು ಯೂಫೀಮಿಯಾ. “ಮಾತ್ರೆ ಡಬ್ಬಿ ಬಾಯಿಗೆ ತುರುಕಿರ್ತಾರಲ್ಲ, ಅದಾ?”

ಅಜ್ಜಿ ಟೊಪ್ಪಿಯನ್ನು ಮೇಲೆತ್ತಿದಳು. “ಆ ಕಾಲು ನಂದು. ಮಂಡಿನೋವು ನಂಗೆ, ಚಪ್ಪಾಳೆ ನಿಂಗಾ?”

“ಅದು ನಮ್ಮೆಲ್ಲರ ಕಥೆ, ಅಜ್ಜಿ.”

“ಹಾಗಾದ್ರೆ ಪಾತ್ರೆನೂ ನಮ್ಮೆಲ್ಲರದೇ. ಯಾವತ್ತಾದ್ರೂ ತೊಳೆದಿದೀಯಾ?”

“ಹೇಸರಗತ್ತೆ ನಿನ್ನನ್ನ ಕಚ್ಚಿದ್ದೂ ಹಾಕಿದಾಳಾ ಕೇಳು,” ಎಂದು ಯೂಫೀಮಿಯಾ ಒಗ್ಗರಣೆ ಹಾಕಿದಳು.

“ಹಾಕಿದೀನಿ. ತೋಳಿಗೆ ಕಚ್ಚಿತು ಅಂತ.”

“ತೋಳಿಗೆ ಅಂತ ನಿಮಗೆಲ್ಲ ಹೇಳಿದ್ದೆ,” ಎಂದಳು ಅಜ್ಜಿ. “ಕಚ್ಚಿದ ಜಾಗ ಪಾಸ್ಟರ್ ಎದುರಿಗೆ ಹೇಳೋವಂಥದ್ದಲ್ಲ.”

ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಡ ತಂದ ಸಕ್ಕರೆಯಲ್ಲೂ ಇರುವೆ. ರನೀಟಾ ಕಾಗದ ಮಡಚಿ ಜೇಬಿಗೆ ತುರುಕಿಕೊಂಡಳು. ನಾಳೆ ಅಷ್ಟು ಜನರೆದುರು ‘ನಾನು’ ಎಂದು ಹೇಳಿ, ಆಮೇಲೆ ಏನು ಹೇಳುವುದು?

“ಬಾ, ಕೂತ್ಕೋ. ಕಿವಿ ಹಿಡ್ಕೋ, ಮಗಾ,” ಎಂದಳು ವರ್ನೆಲ್.

ರನೀಟಾ ಕುರ್ಚಿ ಹತ್ತಿ, ಬಿಸಿ ತಾಗದಂತೆ ಕಿವಿಯನ್ನು ಮಡಚಿ ಹಿಡಿದಳು. ವರ್ನೆಲ್ ಹೊಗೆಯಾಡುವ ಬಾಚಣಿಗೆಯನ್ನು ಬಟ್ಟೆಗೆ ಒರೆಸಿ, ಯಾವಾಗಲೂ ಹೇಳುವುದನ್ನೇ ಹೇಳಿದಳು. “ಇಡೀ ಊರಿನ ತಲೆ ಈ ಕೈಯಲ್ಲಿ ಹಾದುಹೋಗಿದೆ. ಒಂದು ಕಿವಿ ಸುಟ್ಟಿದ್ದು ಯಾರಾದ್ರೂ ತೋರಿಸಲಿ ನೋಡೋಣ.”

ಯೂಫೀಮಿಯಾಳ ಕೈ ಮೆಲ್ಲಗೆ ಕಿವಿಯ ಹಿಂದಕ್ಕೆ ಹೋಗಿ, ಸುರುಳಿ ಸರಿಮಾಡುವ ನೆಪದಲ್ಲಿ ಕೆಳಗಿಳಿಯಿತು. ಅಜ್ಜಿ ಇದ್ದಕ್ಕಿದ್ದಂತೆ ಕಿವುಡಿಯಾಗಿ ಟೊಪ್ಪಿಯೊಳಗೆ ಸೇರಿಕೊಂಡಳು. ಆ ಊರಲ್ಲಿ ಪಾಸ್ಟರನ್ನು ಬೈದು ಬದುಕಬಹುದಿತ್ತು. ವರ್ನೆಲಳನ್ನು ಬೈದವರು ಮುಂದಿನ ಶನಿವಾರ ತಲೆಯನ್ನು ಎಲ್ಲಿಗೆ ಒಯ್ಯಬೇಕು?

ರನೀಟಾಳ ಬೆರಳಿಗೆ ಕಿವಿಯ ಹಿಂದೆ ಹಳೆಯ ಗಾಯದ ಪುಟ್ಟ ಗಂಟು ತಗುಲಿತು. ಏಳನೆಯ ವಯಸ್ಸಿನ ಈಸ್ಟರ್. ಚುರ್ರೆಂದ ಸದ್ದು. “ಸುಡ್ತಾ, ಮಗಾ?” “ಇಲ್ಲ, ಆಂಟಿ.” ಎಂಥ ಜಾಣ ಹುಡುಗಿ ಎಂದು ಅಂಗಡಿಯಿಡೀ ಹೊಗಳಿತ್ತು. ಆ ಹೊಗಳಿಕೆಯ ರುಚಿ ಹತ್ತಿದ ಮೇಲೆ ಅವಳ ಬಾಯಲ್ಲಿ ಅದೊಂದೇ ಮಾತು. ಆಲೂಗಡ್ಡೆ ಸಲಾಡಿಗೆ ಉಪ್ಪು ಹೆಚ್ಚಾಯ್ತಾ? ಇಲ್ಲ, ಆಂಟಿ. ಟೀಚರ್ ಕೆಲಸ ಬೇಡ ಅಂತ ಏನಾದ್ರೂ ಇದೆಯಾ? ಇಲ್ಲ, ಆಂಟಿ. ಹೀಗೆ ಇಲ್ಲ ಇಲ್ಲ ಎನ್ನುತ್ತಲೇ ಒಬ್ಬ ಹೆಂಗಸು ಬೆಳೆದು ನಿಂತಿದ್ದಳು.

ಬಿಸಿ ಕತ್ತಿನ ಹತ್ತಿರ ಬಂತು.

“ಸುಡ್ತಿಲ್ಲ ತಾನೇ?” ಎಂದಳು ವರ್ನೆಲ್, ಉತ್ತರ ಗೊತ್ತಿದ್ದವಳ ಹಾಗೆ.

ರನೀಟಾ ಕಿವಿಯನ್ನು ಬಿಟ್ಟಳು.

“ನಾನು,” ಎಂದಳು. ಕಾಗದ ಜೇಬಿನಲ್ಲೇ ಇತ್ತು. “ನಾನು ಏಳು ವರ್ಷದವಳಿದ್ದಾಗ ನೀವು ನನ್ನ ಕಿವಿ ಸುಟ್ರಿ, ಆಂಟಿ. ತುಂಬಾ ಉರೀತು. ಇಲ್ಲ ಅಂತ ಸುಳ್ಳು ಹೇಳಿದೆ.”