ಗಂಗಾ ಖಾನಾವಳಿಯ ಫ್ಲೆಕ್ಸ್ ಪೂಜೆ

ಮೈದಾ ಹಿಟ್ಟಿನ ಅಂಟು ಕುದಿಯುವ ವಾಸನೆ ಬಂದರೆ ನನಗೆ ಇವತ್ತಿಗೂ ಹಸಿವಾಗುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ತುದಿಯಲ್ಲಿ ಸಿನಿಮಾ ಪೋಸ್ಟರ್ ಹಚ್ಚುವವನೊಬ್ಬ ಮೂರು ಕಲ್ಲಿನ ಮೇಲೆ ಡಬ್ಬಿ ಇಟ್ಟು ಅಂಟು ಕಾಯಿಸುತ್ತಿದ್ದ. ಗಂಜಿಯಂಥ, ತುಸು ಸೀದಂಥ ವಾಸನೆ. ಅವನು ಅತ್ತ ಹೋದೊಡನೆ ಒಂದು ಆಡು ಬಂದು ಪೋಸ್ಟರನ್ನು ಕೆಳಗಿನಿಂದ ತಿನ್ನಲು ಶುರು ಮಾಡುತ್ತಿತ್ತು. ಮೊದಲು ಥಿಯೇಟರಿನ ಹೆಸರು, ಆಮೇಲೆ ಆಟದ ಸಮಯ. ನಾಯಕನ ಮುಖ ಮಾತ್ರ ಅದಕ್ಕೆ ನಿಲುಕುತ್ತಿರಲಿಲ್ಲ. ಜಾಹೀರಾತಿನಲ್ಲಿ ಅಕ್ಷರಗಳ ಗತಿ ಏನೆಂದು ನನಗೆ ಆಗಲೇ ತಿಳಿಯಬೇಕಿತ್ತು.

ತಿಳಿಯಲಿಲ್ಲ. ಬಿ.ಎ. ಓದಿದೆ, ಸಂಸಾರ ಮಾಡಿದೆ, ಮೊಮ್ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ ಬೆಳಗಾವಿಯ ಸಣ್ಣ ಅಂಗಡಿಯವರಿಗೆ ಜಾಹೀರಾತು ಬರೆದುಕೊಡುವ ಕೆಲಸ ಹಿಡಿದೆ. ಪಾಂಪ್ಲೆಟ್, ಫ್ಲೆಕ್ಸ್, ವಾಟ್ಸಾಪಿನಲ್ಲಿ ಕಳಿಸುವ ನಾಲ್ಕು ಸಾಲು, ಆಟೋದ ಮೈಕಿನಲ್ಲಿ ಕೂಗುವ ಮಾತು, ಯಾವುದಾದರೂ ಸರಿ. ರವಿವಾರ ಪೇಟೆಯಲ್ಲಿ ಫ್ಲೆಕ್ಸ್ ಮುದ್ರಿಸುವ ಓಂಕಾರ ಗಿರಾಕಿಗಳನ್ನು ನನ್ನ ಕಡೆ ಕಳಿಸುತ್ತಾನೆ. ಆಟೋ ನಗರದಲ್ಲಿ ಸೈಲೆನ್ಸರ್ ರಿಪೇರಿ ಮಾಡುವ ಒಬ್ಬನಿಗೆ ‘ನಿಮ್ಮ ಗಾಡಿ ಹಾದುಹೋದದ್ದು ಯಾರಿಗೂ ಕೇಳಿಸಬಾರದು’ ಎಂದು ಬರೆದುಕೊಟ್ಟಿದ್ದೆ.

“ಮಾವಶಿ, ಇದು ಕಳ್ಳರಿಗೆ ಬರದಂಗ ಆತಲ್ರೀ,” ಅಂದಿದ್ದ ಅವನು. ಆದರೂ ಅದನ್ನೇ ಹಾಕಿಸಿದ. ಮುದುಕಿಗೆ ಬೇಸರವಾದೀತೆಂದು ಹಾಕಿಸಿದ್ದು. ಅಂಥವರೂ ಇದ್ದಾರೆ.

ಖಾನಾಪುರದ ಗಂಗಾದೇವಿ ಬಂದದ್ದೂ ಓಂಕಾರನ ಮೂಲಕವೇ. ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಮನೆ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಖಾನಾವಳಿ ತೆರೆಯಬೇಕೆಂದು ಮದುವೆಯಾದಾಗಿನಿಂದ ಅವಳ ಆಸೆ. ಅದೇ ಕೋಣೆ ಸಿಮೆಂಟಿನ ಗೋಡೌನಿಗೆ ಬೇಕೆಂದು ಅವಳ ಮೈದುನ ಈರಣ್ಣನ ಹಟ. ಮನೆಯಲ್ಲಿ ಜಗಳವಾಗಿ ಕೊನೆಗೊಂದು ಕರಾರು ಆಗಿತ್ತು. ಉದ್ಘಾಟನೆಯ ದಿನ ಮಧ್ಯಾಹ್ನ ಕೋಣೆಯ ತುಂಬ ಮಂದಿ ಕೂತು ಉಂಡರೆ ಖಾನಾವಳಿ, ಇಲ್ಲದಿದ್ದರೆ ಸಿಮೆಂಟು.

“ಅಕ್ಕಾರ, ಓದಿದವರು ಕುಂತಲ್ಲಿಂದನ ಎದ್ದು ಬರಬೇಕ್ರಿ, ಹಂಗ ಬರೀರಿ,” ಅಂದಳು.

ನಾನು ನಾಲ್ಕು ದಿನ ತಲೆ ಕೆಡಿಸಿಕೊಂಡು ಬರೆದೆ: ‘ಬಸ್ಸು ತಪ್ಪಿದರೂ ಊಟ ತಪ್ಪಬಾರದು. ಗಂಗಾ ಖಾನಾವಳಿ. ಬಿಸಿ ರೊಟ್ಟಿ, ಎಣಗಾಯಿ, ಝುಣಕ.’ ನನಗೇ ಹೆಮ್ಮೆಯಾಯಿತು.

ಓಂಕಾರನ ಅಂಗಡಿಯಲ್ಲಿ ಕೂತಾಗ ಗಂಗಾದೇವಿ ಅದನ್ನು ಓದಿ, “ಭಾಳ ಛಲೋ ಆಗೈತ್ರಿ. ಇದನ್ನ ಸಣ್ಣದು ಮಾಡಿ ಇವರ ಫೋಟೋ ದೊಡ್ಡದು ಹಾಕ್ರಿ,” ಅಂದಳು.

“ಖಾನಾವಳಿ ನಿನ್ನದು, ಫೋಟೋ ಅವರದ್ಯಾಕ?”

“ನನ್ನ ಮಾರಿ ಯಾರಿಗೆ ಗೊತ್ತೈತ್ರಿ? ಇವರು ಕಂಡಕ್ಟರ್ ಆಗಿ ತಾಲೂಕಿನ ಮಂದಿಗೆಲ್ಲಾ ಟಿಕೀಟ್ ಹರದಾರ.”

ಗಂಡ ಗುರುಪುತ್ರಪ್ಪನವರು ನಿವೃತ್ತರಾದ ದಿನ ತೆಗೆಸಿದ ಫೋಟೋ ಅದು. ಬಿಳಿ ಟೊಪ್ಪಿಗೆ, ಹಣೆ ತುಂಬ ವಿಭೂತಿ, ಒಂದಿಷ್ಟೂ ನಗುವಿಲ್ಲದ ಮುಖ. ಓಂಕಾರ ಅದರ ಹಿಂದೆ ನೀಲಿ ಆಕಾಶ ಹಾಕಿದ. ಖಾಲಿ ಕಾಣುತ್ತದೆಂದು ಎರಡು ಮೋಡ ಹಾಕಿದ. ಶುಭಕಾರ್ಯವೆಂದು ಗಂಗಾದೇವಿ ಎರಡೂ ಬದಿಗೆ ದೀಪ ಹಾಕಿಸಿದಳು. ನಾನು ಕನ್ನಡಕ ಏರಿಸಿಕೊಂಡು ಕೆಳಗಿನ ಅಕ್ಷರಗಳನ್ನಷ್ಟೇ ನೋಡಿದೆ. ಒಂದು ತಪ್ಪೂ ಇರಲಿಲ್ಲ.

ಉದ್ಘಾಟನೆಯ ದಿನ ನಾನು ಬಸ್ಸಿನಲ್ಲಿ ಖಾನಾಪುರಕ್ಕೆ ಹೊರಟೆ. ಸ್ಟ್ಯಾಂಡಿನ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಮುಂದಿನ ಸೀಟಿನವನು ಕಿಟಕಿಯ ಹೊರಗೆ ಕೈ ಮುಗಿದ.

“ಅಯ್ಯ ಶಿವನ! ಕಂಡಕ್ಟರ್ ಗುರುಪುತ್ರಪ್ಪ ಲಿಂಗೈಕ್ಯ ಆದ್ರಲ್ಲೋ!”

“ಯಾರಂದ್ರು ನಿನಗ?” ಅಂದ ಬಾಜೂದವನು.

“ಅನ್ನಾಕ ಯಾರ ಬೇಕು? ಹಾರ ಹಾಕ್ಯಾರ, ಊದಿನಕಡ್ಡಿ ಹಚ್ಚ್ಯಾರ. ಅಲ್ಲಿ ನೋಡು, ಮೋಡದಾಗ ಕುಂತಾರ.”

“ಕೆಳಗೇನೋ ಬರದಾರಲ್ಲ?”

“ಬರೀತಾರ ತಗೋ, ಎಲ್ಲಾದರಾಗೂ ಬರೀತಾರ.”

ನಾನೂ ನೋಡಿದೆ. ಗಂಗಾದೇವಿ ಹೊಸ ವಸ್ತು ಯಾವುದು ಬಂದರೂ ಪೂಜೆ ಮಾಡುವ ಹೆಣ್ಣುಮಗಳು. ಮಿಕ್ಸರಿಗೆ ಮಾಡಿದ್ದಳು, ಗ್ಯಾಸಿನ ಒಲೆಗೆ ಮಾಡಿದ್ದಳು. ಫ್ಲೆಕ್ಸಿಗೂ ಮಾಡಿಬಿಟ್ಟಿದ್ದಳು. ಎರಡು ತುದಿಗೆ ಕಟ್ಟಿದ ಚೆಂಡು ಹೂವಿನ ದಪ್ಪ ಹಾರ ಜೋತು, ಸರಿಯಾಗಿ ಗುರುಪುತ್ರಪ್ಪನವರ ಮುಖದ ಸುತ್ತ ಕೂತಿತ್ತು.

ಬಸ್ಸಿಳಿದು ಫ್ಲೆಕ್ಸಿನ ಹತ್ತಿರ ಓಡಿ, ಹಾರ ತೆಗೆಯೋಣವೆಂದು ಕೈ ಚಾಚಿದೆ, ನಿಲುಕಲಿಲ್ಲ. ದಾರಿಯಲ್ಲಿದ್ದ ಹಿರಿಯರೊಬ್ಬರು, “ಇವತ್ತೊಂದಿನ ಇರ್ಲಿ ಬಿಡ್ರಿ ತಾಯಿ, ದೊಡ್ಡ ಮನಷ್ಯಾ,” ಎಂದು ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಬೆಂಚುಗಳೆಲ್ಲ ತುಂಬಿದ್ದವು. ಯಾರೂ ಮಾತಾಡುತ್ತಿರಲಿಲ್ಲ. ಗಂಗಾದೇವಿ ಹೊಸ ಸೀರೆಯುಟ್ಟು, ಮುಖವರಳಿಸಿಕೊಂಡು, ತಾಟು ಇಡುತ್ತ ಓಡಾಡುತ್ತಿದ್ದಳು.

“ಅಕ್ಕಾರ, ನಿಮ್ಮ ಬರವಣಿಗಿ ಕೆಲಸಾ ಮಾಡೇತ್ರಿ!” ಎಂದು ಕಿವಿಯಲ್ಲಿ ಉಸುರಿದಳು. “ಆದರ ಯಾಕೋ ಯಾರೂ ಉಣವಲ್ಲರು.”

ಮೂಲೆಯಲ್ಲಿ ಕೂತಿದ್ದ ಫಕೀರವ್ವ ಎಂಬ ಮುದುಕಿ ನನ್ನ ಸೆರಗು ಜಗ್ಗಿದಳು. “ಸತ್ತ ಮನ್ಯಾಗ ಒಲಿ ಹಚ್ಚಬಾರದವ್ವ, ಬಾಜೂದವರ ಬುತ್ತಿ ತರಬೇಕು. ಈಕಿ ಭಜಿ ಕರ್ಯಾಕತ್ತಾಳ. ತಲಿ ಕೆಟ್ಟೈತಿ ಪಾಪ, ಯಾರೂ ಏನೂ ಅನಬ್ಯಾಡ್ರಿ.”

ಈರಣ್ಣ ಕೋಣೆ ಅಳೆಯುವ ಟೇಪು ಹಿಡಿದು ಗೋಡೆಗೆ ಆತು ನಿಂತಿದ್ದ. ಒಬ್ಬ ಅಜ್ಜ ಅವನನ್ನು ತಬ್ಬಿಕೊಂಡು ಬಿಕ್ಕುತ್ತಿದ್ದ.

“ನಿಮ್ಮಣ್ಣ ಎಂದೂ ಚಿಲ್ಲರ ಇಟಗೊಂಡಾಂವಲ್ಲೋ ಈರಣ್ಣ.”

“ಅಜ್ಜಾ, ನಮ್ಮಣ್ಣ ಜೀವಂತ ಅದಾನ್ರಿ. ಮುಂಜಾನೆ ಲೋಂಡಾಕ್ಕ ಹೋಗ್ಯಾನ, ಅಕ್ಕನ್ನ ಕರಕೊಂಡು ಬರಾಕ.”

“ಹಂಗ ಅನಸ್ತೈತಪಾ,” ಅಜ್ಜ ಅವನ ಬೆನ್ನು ಸವರಿದ. “ನಮ್ಮಪ್ಪ ಹೋದಾಗ ನನಗೂ ಊರಿಗೆ ಹೋಗ್ಯಾನ ಅಂತನ ಅನಿಸಿತ್ತು.”

ನಾನು ಗಂಗಾದೇವಿಯನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದೆ. ಅವಳು ಮೊದಲು ತಾಳಿ ಮುಟ್ಟಿಕೊಂಡಳು. ಆಮೇಲೆ ಒಲೆ ಸಣ್ಣ ಮಾಡಿದಳು. ಗಂಡನಿಗೆ ಫೋನು ಹಚ್ಚಿದಳು. ಫೋನು ಪಕ್ಕದ ಕೋಣೆಯಲ್ಲಿ ಚಾರ್ಜಿಗಿಟ್ಟಲ್ಲೇ ರಿಂಗಣಿಸಿತು.

ನಾನೇ ಹೊರಗೆ ಬಂದು ನಿಂತು ಹೇಳಿದೆ: “ಕೇಳ್ರೆಪಾ, ಯಾರೂ ಸತ್ತಿಲ್ಲ. ಅದು ಜಾಹೀರಾತು. ನಾನೇ ಬರದೀನಿ. ಊಟಾ ಮಾಡ್ರಿ.”

ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಯಾರೋ ಎದ್ದು ನನಗೆ ಜಾಗ ಮಾಡಿಕೊಟ್ಟರು. ಇನ್ನೊಬ್ಬರು ನೀರು ಕೊಟ್ಟರು. “ತಾಯಿ ಆಗಬೇಕೇನ್ರಿ ಅವರಿಗೆ?” ಎಂದು ಮೆಲ್ಲಗೆ ಕೇಳಿದರು.

ಈರಣ್ಣ ಅಜ್ಜನ ತೋಳಿನಿಂದ ಬಿಡಿಸಿಕೊಂಡು ಅತ್ತಿಗೆಯ ಹತ್ತಿರ ಬಂದ. “ವೈನಿ, ಮಂದಿ ಕುಂತಾರ ಖರೇ. ಆದರ ಒಬ್ಬರೂ ಉಣವಲ್ಲರು. ಕರಾರು ಅಂದ್ರ ಕರಾರು.”

ಗಂಗಾದೇವಿ ಬುಟ್ಟಿಯಲ್ಲಿದ್ದ ರೊಟ್ಟಿಗಳ ಮೇಲೆ ಬಟ್ಟೆ ಸರಿಪಡಿಸಿದಳು, ಮತ್ತೊಮ್ಮೆ ಸರಿಪಡಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದನ್ನು ನೋಡಿ ಹೆಂಗಸರು, ಈಗ ದುಃಖ ಹೊರಗೆ ಬಂತೆಂದು, ತಾವೂ ದನಿ ತೆಗೆದರು.

ಆ ಅಳುವಿನ ನಡುವೆ ಬಾಗಿಲಲ್ಲಿ ಆಟೋ ನಿಂತಿತು. ಗುರುಪುತ್ರಪ್ಪನವರು ಅಕ್ಕ ಮಾಯವ್ವನ ಕೈ ಹಿಡಿದು ಇಳಿದರು. ಚಪ್ಪಲಿಯ ರಾಶಿ ನೋಡಿ ಅವರ ಮುಖ ಹಿಗ್ಗಿತು. ಬಾಗಿಲಿಗೆ ಬೆನ್ನು ಮಾಡಿ ಕಿಕ್ಕಿರಿದು ನಿಂತ ಮಂದಿಯನ್ನು ಕಂಡು, ಇಷ್ಟು ವರ್ಷದ ರೂಢಿ, ಬಾಯಿ ತಾನೇ ತೆರೆಯಿತು:

“ಒಳಗ ಸರೀರಿ, ಒಳಗ ಸರೀರಿ! ಮುಂದ ಜಾಗಾ ಖಾಲಿ ಐತಿ!”

ಆ ದನಿ ತಾಲೂಕಿನಲ್ಲಿ ಯಾರಿಗೆ ಗೊತ್ತಿಲ್ಲ? ಎಲ್ಲರೂ ಹೆಜ್ಜೆ ಮುಂದಿಟ್ಟು ಸರಿದರು. ಸರಿದ ಮೇಲೆ ತಿರುಗಿ ನೋಡಿದರು. ಒಬ್ಬ ಬೆಂಚಿನ ಮೇಲೆ ಹತ್ತಿ ನಿಂತ. ಫಕೀರವ್ವ ಮಾತ್ರ ಧೈರ್ಯ ಮಾಡಿ ಹೋಗಿ ಅವರ ತೋಳು ಚಿವುಟಿದಳು.

“ಯವ್ವಾ!” ಎಂದು ಕೂಗಿದರು ಗುರುಪುತ್ರಪ್ಪ.

“ಅದಾನ,” ಎಂದು ಫಕೀರವ್ವ ಸಭೆಗೆ ತಿಳಿಸಿದಳು. “ಖರೇನ ಅದಾನ. ತಾಟ ತರ್ರಿ.”

ಸತ್ತವನು ಎದ್ದು ಬಂದರೆ ಎಷ್ಟು ಹಸಿವಾಗುತ್ತದೆಂದು ನಾನು ಅವತ್ತು ಕಂಡೆ. ಅವನಿಗಲ್ಲ, ಅಳಲು ಬಂದವರಿಗೆ. ಈರಣ್ಣನನ್ನು ತಬ್ಬಿಕೊಂಡಿದ್ದ ಅಜ್ಜ ಎಣಗಾಯಿ ಮೂರು ಸಲ ಹಾಕಿಸಿಕೊಂಡ. ಕಣ್ಣೊರೆಸಿಕೊಂಡ ಸೆರಗಿನಲ್ಲೇ ಹೆಂಗಸರು ಮನೆಗೆ ಭಜಿ ಕಟ್ಟಿಕೊಂಡರು. ಗುರುಪುತ್ರಪ್ಪನವರು ಸಾಲುಗಳ ನಡುವೆ ನಡೆಯುತ್ತ, “ಯಾರದರ ರೊಟ್ಟಿ ಆಗಿಲ್ಲೇನ್ರಿ, ರೊಟ್ಟಿ?” ಎಂದು ಕೇಳಿದರು. ಈರಣ್ಣ ತುಂಬಿದ ಬೆಂಚುಗಳನ್ನು ಒಮ್ಮೆ ಎಣಿಸಿದ. ಆಮೇಲೆ ಟೇಪನ್ನು ಕಿಸೆಗೆ ಹಾಕಿ, ಝುಣಕದ ಪಾತ್ರೆ ಎತ್ತಿಕೊಂಡ. “ವೈನಿ, ಆ ಕಡೆ ನಾ ನೀಡ್ತೀನಿ, ನೀವು ಈ ಕಡೆ ನೋಡ್ರಿ,” ಎಂದ. ಅತ್ತಿಗೆಯ ಮುಖ ನೋಡಲಿಲ್ಲ, ಅಷ್ಟೆ.

ಹಗಲು ಇಳಿಯುವ ಹೊತ್ತಿಗೆ ಮಂದಿ ಕರಗಿದರು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗಂಗಾದೇವಿ ಮೆಟ್ಟಿಲ ಮೇಲೆ ಕೂತಿದ್ದಳು. ಪಾತ್ರೆಗಳೆಲ್ಲ ಬರಿದಾಗಿ ಬೋರಲು ಬಿದ್ದಿದ್ದವು. ಬುಟ್ಟಿಯಲ್ಲಿ ರೊಟ್ಟಿಯ ಚೂರೂ ಇರಲಿಲ್ಲ. “ನೀ ಉಂಡಿ ಏನವ್ವಾ?” ಎಂದು ಕೇಳಿದೆ. ಅವಳು ಆಗಷ್ಟೇ ಅದು ನೆನಪಾದಂತೆ ನನ್ನನ್ನು ನೋಡಿದಳು.

ಹಿತ್ತಲ ಬಾಗಿಲಿನಿಂದ ಶಾಹಜಾನಬಿ ಒಳಗೆ ಬಂದಳು. ಎದುರು ಸಾಲಿನಲ್ಲಿ ಬಳೆ ಮಾರುವವಳು. ಮುಂಜಾನೆ ಹಾರ ನೋಡಿ ಅಂಗಡಿಯ ಬಾಗಿಲೆಳೆದು ಮನೆಗೆ ಹೋಗಿದ್ದಳಂತೆ. ಒಳಗಿನಿಂದ ಗುರುಪುತ್ರಪ್ಪನವರ ನಗು ಕೇಳಿಸಿತು. ಶಾಹಜಾನಬಿ ನಿಂತಳು, ಅತ್ತ ನೋಡಿದಳು, ಎದೆಯ ಮೇಲೆ ಕೈಯಿಟ್ಟು ಒಂದು ಉಸಿರು ಬಿಟ್ಟಳು. ಸೆರಗಿನಡಿಯಿಂದ ಡಬ್ಬಿ ತೆಗೆದಳು, ಮುಚ್ಚಳ ಬಿಚ್ಚಿದಳು. ಅನ್ನ, ಬೇಳೆ ಸಾರು, ಒಂದು ಹೋಳು ಉಪ್ಪಿನಕಾಯಿ. ಬಗ್ಗಿ ಅದನ್ನು ಗಂಗಾದೇವಿಯ ಕೈಯಲ್ಲಿಟ್ಟಳು.