ಹಲಸಿನ ಮರದ ಕೆಳಗಿನ ರಿಪೇರಿ

ನನ್ನ ಅತ್ತಿಗೆ ಫೆಲೀಸಾ ಮಾಡುವ ಮದುವೆ ಕೇಕಿಗೆ ಇಲೊಯಿಲೊ ಪಟ್ಟಣದಲ್ಲಿ ದೊಡ್ಡ ಹೆಸರು. ಹೆಸರು ಅವಳದು, ಅದನ್ನು ಬೀಳಿಸದೆ ಮದುವೆ ಮನೆ ಮುಟ್ಟಿಸುವ ಕಷ್ಟ ನನ್ನದು. ಹಿಂದಿನ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಳ್ಳುವುದೇ ನನ್ನ ಉದ್ಯೋಗ. ಅಣ್ಣ ವರ್ಷದ ಹೆಚ್ಚು ಪಾಲು ಹಡಗಿನ ಮೇಲೆ ಇರುವುದರಿಂದ ಮನೆಯಲ್ಲಿ ನಾವಿಬ್ಬರೇ, ಜೊತೆಗೆ ಅವಳ ಪುಟ್ಟ ಮಗ. ಜನ ತುಂಬಿಕೊಂಡು ಓಡುವ ಜೀಪ್ನಿ, ಮೂರು ಚಕ್ರದ ಗಾಡಿ ಎಲ್ಲ ಆಗಿ ಕೊನೆಗೆ ಬ್ಯಾಂಕ್ ಸಾಲದಲ್ಲಿ ಹೊಸ ಕಾರು ಬಂತು. ಪಾದ್ರಿಗಳು ಪವಿತ್ರ ಜಲ ಚಿಮುಕಿಸಿದರು, ಬೀದಿಗೆಲ್ಲ ಪಾನ್ಸಿತ್ ಶಾವಿಗೆ ಬಡಿಸಿದೆವು. ಸೀಟಿನ ಪ್ಲಾಸ್ಟಿಕ್ಕನ್ನು ಯಾರೂ ಕೀಳಕೂಡದು ಎಂದು ಅತ್ತಿಗೆ ಅಪ್ಪಣೆ ಮಾಡಿದಳು.

ಒಂದೆರಡು ವಾರ ಕಳೆಯುವುದರೊಳಗೆ ಕಾರು ಒದೆಯತೊಡಗಿತು. ವೇಗ ಕಡಿಮೆ ಮಾಡಿದಾಗಲೆಲ್ಲ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಒಂದು ಜಗ್ಗು. ಗೇರ್‌ಬಾಕ್ಸಿನದೇ ತೊಂದರೆ ಎಂದು ಮೆಕ್ಯಾನಿಕ್ ಆಮೇಲೆ ಹೇಳಿದ. ಗಿಂಬಾಲ್ ಊರಿನ ಮದುವೆಗೆ ಹೋಗುವಾಗ ಕೇಕಿನ ಮೇಲಿನ ಅಂತಸ್ತು ಸೀದಾ ನನ್ನ ಮಡಿಲಿಗೆ ಬಂತು. ವಧುವಿನ ತಾಯಿ ಉಳಿದದ್ದನ್ನು ನೋಡಿ, ಅಂತಸ್ತು ಕಮ್ಮಿ ಮಾಡುವುದು ಈಗಿನ ಫ್ಯಾಷನ್ನೇನು ಎಂದು ಕೇಳಿದಳು. ನಾನು ಹೌದೆಂದೆ. ನನ್ನ ಲಂಗದ ತುಂಬ ಕ್ರೀಮು.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಕಾರನ್ನು ಕಂಪನಿಯ ವರ್ಕ್‌ಶಾಪಿಗೆ ಬಿಡುತ್ತಿದ್ದರು. ಆದರೆ ನಮಗೆ ಆ ಕಾರು ಮಾರಿದವನು ಕ್ರಿಸಾಂತೊ. ಅತ್ತಿಗೆಯ ಮಗನ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡ ಧರ್ಮತಂದೆ ಅವನೇ. ಆವತ್ತಿನಿಂದ ಅವನು ಅವಳಿಗೆ 'ಪಾರೆ', ಅವಳು ಅವನಿಗೆ 'ಮಾರೆ'. ನಮ್ಮಲ್ಲಿ ಈ ನಂಟು ರಕ್ತಸಂಬಂಧಕ್ಕಿಂತ ಒಂದು ಕೈ ಮೇಲು; ಅಣ್ಣತಮ್ಮಂದಿರು ಬೇಕಾದರೆ ಜಗಳವಾಡಬಹುದು, ಪಾರೆ ಮಾರೆಯರು ಆಡುವಂತಿಲ್ಲ. ಅವನು ಮಾರಿದ ಕಾರಿನ ಮೇಲೆ ಅವನದೇ ಕಂಪನಿಗೆ ಹೋಗಿ ದೂರು ಕೊಡುವುದೆಂದರೆ ನಾಲ್ಕು ಜನರ ಮುಂದೆ ಅವನ ಕೆನ್ನೆಗೆ ಹೊಡೆದಂತೆ. ಅದಕ್ಕೇ ಅವಳು ಅವನಿಗೆ ಫೋನು ಮಾಡಿದಳು.

"ವರ್ಕ್‌ಶಾಪಿಗೆ ಯಾಕೆ ಹೋಗ್ತೀಯ ಮಾರೆ, ಅಲ್ಲಿ ದಿನಗಟ್ಲೆ ಕಾಯಿಸ್ತಾರೆ. ಟೋಟಿಂಗ್‌ನ ನಿಮ್ಮನೆಗೇ ಕಳಿಸ್ತೀನಿ ಬಿಡು" ಎಂದ.

ಟೋಟಿಂಗ್ ಅದೇ ಕಂಪನಿಯ ಮೆಕ್ಯಾನಿಕ್. ಭಾನುವಾರ ಕಂಪನಿಯ ಸಾಮಾನುಗಳ ಸಮೇತ ಬಂದು, ನಮ್ಮ ಹಲಸಿನ ಮರದ ಕೆಳಗೆ ಬಾನೆಟ್ ಎತ್ತಿ, ಏನೇನೋ ಬಿಚ್ಚಿ ಬಿಗಿದ. ಅತ್ತಿಗೆ ಅವನಿಗೆ ಬಿಸಿ ಬಾಚೊಯ್ ಸಾರು ಬಡಿಸಿದಳು. ಕೆಲವು ದಿನ ಕಾರು ಸಾಧುವಾಗಿತ್ತು, ಆಮೇಲೆ ಮತ್ತೆ ಅದೇ ಒದೆತ. ಮತ್ತೆ ಫೋನು, ಮತ್ತೆ ಟೋಟಿಂಗ್, ಮತ್ತೆ ಬಾಚೊಯ್. ಹೀಗೇ ವರ್ಷ ಮುಗಿಯುತ್ತ ಬಂತು. ದೂರದ ಮದುವೆಗಳನ್ನು ಅತ್ತಿಗೆ ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ಬ್ಯಾಂಕಿನ ಕಂತು ಮಾತ್ರ ಯಾವ ತಿಂಗಳೂ ಬಿಡಲಿಲ್ಲ.

ಒಂದು ದಿನ ರೇಡಿಯೊದಲ್ಲಿ ವಕೀಲರೊಬ್ಬರು ಮಾತಾಡುತ್ತಿದ್ದರು. ಹೊಸ ಕಾರಿನಲ್ಲಿ ಒಂದೇ ದೋಷವನ್ನು ಮೊದಲ ವರ್ಷದಲ್ಲಿ ನಾಲ್ಕು ಸಲ ರಿಪೇರಿ ಮಾಡಿಯೂ ಹೋಗದಿದ್ದರೆ ಬದಲಿ ಕಾರು ಕೇಳುವ ಹಕ್ಕು ಕೊಂಡವರಿಗೆ ಇದೆಯಂತೆ. ನಾನು ಬಿಡದೆ ಪೀಡಿಸಿ ಅತ್ತಿಗೆಯನ್ನು ಗ್ರಾಹಕರ ದೂರು ಕೇಳುವ ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋದೆ. ಅವಳು ಕಂಪನಿಯ ಹೆಸರು ಹೇಳಿದಳೇ ಹೊರತು ಪಾರೆಯ ಹೆಸರು ಬಾಯಿಗೆ ತರಲಿಲ್ಲ.

ರಾಜಿ ಮಾತುಕತೆಯ ದಿನ ಹೋದರೆ ಎದುರು ಬದಿಯಲ್ಲಿ ಕಂಪನಿಯ ಮ್ಯಾನೇಜರ್, ಅವರ ಪಕ್ಕದಲ್ಲಿ, ಕಾರು ಮಾರಿದವನೆಂಬ ಕಾರಣಕ್ಕೆ, ಕ್ರಿಸಾಂತೊ. ಇಸ್ತ್ರಿ ಮಾಡಿದ ಅಂಗಿ, ಮುಖ ಮಾತ್ರ ಹಿಂಡಿದ ಬಟ್ಟೆ.

ಮಾತುಕತೆ ನಡೆಸುವ ಅಧಿಕಾರಿ ಪಲ್ಮಾರೆಸ್ ಮೇಡಂ ಒಳ್ಳೆಯ ಮಾತಿನವರು. ರಿಪೇರಿ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಮನೆಯಲ್ಲೇ ಎಂದಳು ಅತ್ತಿಗೆ. ಯಾರ ಕೈಯಲ್ಲಿ ಎಂದರೆ ಕೈಚೀಲದ ಜಿಪ್ಪು ಎಳೆಯತೊಡಗಿದಳು. ಈ ಕಾರು ದೂರು ಹೊತ್ತು ನಮ್ಮ ವರ್ಕ್‌ಶಾಪಿನ ಗೇಟು ದಾಟಿಯೇ ಇಲ್ಲ, ಯಾವನೋ ಬೀದಿ ಮೆಕ್ಯಾನಿಕ್ ಕೈ ಹಾಕಿದ್ದರೆ ವಾರಂಟಿಯೂ ಉಳಿಯುವುದಿಲ್ಲ ಎಂದರು ಮ್ಯಾನೇಜರ್. ಬದಲಿ ಕಾರಿನ ಮಾತು ಹಾಗಿರಲಿ, ಇದ್ದದ್ದೂ ಹೋಗುವ ಹಾಗಾಯಿತು. ಮೇಜಿನ ಕೆಳಗೆ ನಾನು ಅವಳನ್ನು ಕಾಲಲ್ಲಿ ತಿವಿದೆ.

ಅವಳು ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಅವನ ಅನ್ನ ಕಿತ್ಕೊಂಡು ನಾನು ಕಾರು ತಗೊಳ್ಳಾ? ಸುಮ್ನಿರು."

ಪಿಸುಮಾತು ಎಂದರೆ ಅವಳದು ಬೀದಿಗೆಲ್ಲ ಕೇಳುವಂಥದು. ಕ್ರಿಸಾಂತೊ ತಲೆ ಎತ್ತಿದ.

"ಬೀದಿ ಮೆಕ್ಯಾನಿಕ್ ಅಲ್ಲ ಸರ್, ನಮ್ಮ ಟೋಟಿಂಗು. ಪ್ರತಿ ಸಲಾನೂ ನಾನೇ ಕಳಿಸಿದ್ದು. ನಾಲ್ಕಕ್ಕಿಂತ ಜಾಸ್ತಿನೇ ಆಗಿದೆ."

ಮ್ಯಾನೇಜರ್ ಅವನ ಕಡೆ ತಿರುಗಿ, ಇದನ್ನು ಇಲ್ಲಿ ಹೇಳಬೇಕಿತ್ತೇ ಎಂಬಂತೆ ನೋಡಿದರು. ಅವನು ನಿಲ್ಲಿಸಲಿಲ್ಲ.

"ನಾನು ಮಾರಿದ ಕಾರಿಗೆ ದೂರು ಬಂದ್ರೆ ನನ್ನ ಹೆಸರು ಕೆಡ್ತಿತ್ತು. ಮಾರೆಗೆ ಉಪಕಾರ ಮಾಡ್ತಿದೀನಿ ಅಂದ್ಕೊಂಡೆ. ಅರ್ಧ ಉಪಕಾರ ನನಗೇ ಮಾಡ್ಕೊಂಡಿದ್ದು."

ಪಲ್ಮಾರೆಸ್ ಮೇಡಂ ಅಲ್ಲಿಂದಲೇ ಟೋಟಿಂಗ್‌ಗೆ ಫೋನು ಹಚ್ಚಿಸಿದರು. ಅವನು ಗೇರ್‌ಬಾಕ್ಸಿನ ಕಥೆಯನ್ನೂ ಬಾಚೊಯ್ ರುಚಿಯನ್ನೂ ಒಂದೇ ಉಸಿರಿಗೆ ಹೇಳಿದ. ಮೇಡಂ ಮ್ಯಾನೇಜರರ ಕಡೆ ನೋಡಿದರು.

"ನಿಮ್ಮ ಮೆಕ್ಯಾನಿಕ್ಕು, ನಿಮ್ಮ ಸಾಮಾನು. ಮರದ ಕೆಳಗೆ ಮಾಡಿದ್ರೂ ಅದು ನಿಮ್ಮ ರಿಪೇರಿನೇ ಅಲ್ವಾ?"

ಮ್ಯಾನೇಜರ್ ಹೌದೆನ್ನಬೇಕಾಯಿತು. ಕೊನೆಗೆ ಒಂದು ಒಪ್ಪಂದವಾಯಿತು. ವರ್ಕ್‌ಶಾಪಿನಲ್ಲೇ ಕೊನೆಯದೊಂದು ರಿಪೇರಿ, ಅಲ್ಲಿಯವರೆಗೆ ಓಡಾಡಲು ಅವರದೇ ಒಂದು ಕಾರು, ಆಮೇಲೂ ಒದೆದರೆ ಬದಲಿ.

ರಿಪೇರಿ ಮುಗಿದ ದಿನ ಮ್ಯಾನೇಜರ್ ತಾವೇ ಸ್ಟಿಯರಿಂಗ್ ಹಿಡಿದರು. ಅತ್ತಿಗೆ ಪಕ್ಕದಲ್ಲಿ, ನಾನು ಅಭ್ಯಾಸಬಲದಿಂದ ಹಿಂದೆ. ಹೋಗುವಾಗ ಕಾರು ಹೂವಿನಂತೆ ಓಡಿತು. ಬದಲಿ ಕಾರು ಕೈತಪ್ಪಿತು ಎಂದುಕೊಂಡೆ. ಮೊಲೊ ಚರ್ಚಿನ ಮುಂದೆ ಮುದುಕಿಯೊಬ್ಬಳು ರಸ್ತೆ ದಾಟುತ್ತಿದ್ದಳೆಂದು ಅವರು ನಿಧಾನ ಮಾಡಿದರು. ಕಾರು ಎಂಥ ಒದೆ ಕೊಟ್ಟಿತೆಂದರೆ ಅವರ ಕನ್ನಡಕ ಮೂಗಿನ ತುದಿಗೆ ಬಂತು. ಅದನ್ನು ಮೇಲೆ ತಳ್ಳಿಕೊಂಡು, "ಇದನ್ನ ನನ್ನ ಹೆಂಡ್ತಿಗಂತೂ ಕೊಡಲ್ಲಮ್ಮ" ಎಂದರು. ಅವರು ಕೆಟ್ಟ ಮನುಷ್ಯರೇನಲ್ಲ.

ಬದಲಿ ಕಾರು ಬಂತು. ಬ್ಯಾಂಕಿನವರು ಹಳೆಯ ಸಾಲವನ್ನೇ ಇದಕ್ಕೆ ಹೊಂದಿಸಿಕೊಟ್ಟರು. ಕ್ರಿಸಾಂತೊನ ಕೆಲಸ ಹೋಗಲಿಲ್ಲ, ಆದರೆ ಮಾರಾಟದಿಂದ ತೆಗೆದು ದೂರು ಬರೆದುಕೊಳ್ಳುವ ಕೌಂಟರಿಗೆ ಹಾಕಿದರು. ಕೈಗೆ ಬರುವುದು ಮೊದಲಿಗಿಂತ ಕಮ್ಮಿ. ಅತ್ತಿಗೆ ಕೆಲವು ಭಾನುವಾರ ಚರ್ಚಿನಲ್ಲಿ ಅವನ ಮುಖ ನೋಡಲಾರದೆ ಹಿಂದಿನ ಬೆಂಚಿನಲ್ಲಿ ಕೂತಳು. ಅವನೇ ಬಂದು ಪಕ್ಕದಲ್ಲಿ ಕೂತು, ಅವಳ ಮಗನನ್ನು ತೊಡೆಯ ಮೇಲೆ ಎಳೆದುಕೊಂಡ.

ಮೊನ್ನೆ ಹೊಸ ಕಾರಿನ ಕಿಟಕಿ ಗಾಜು ಕಿರ್ ಎನ್ನತೊಡಗಿತು. ಅತ್ತಿಗೆ ಯಾರಿಗೂ ಫೋನು ಮಾಡಲಿಲ್ಲ. ಸೀದಾ ವರ್ಕ್‌ಶಾಪಿಗೆ ಹೋಗಿ, ಟೋಕನ್ ತೆಗೆದುಕೊಂಡು, ಸರದಿ ಬರುವವರೆಗೆ ಕಾದು ಕೌಂಟರಿನ ಮುಂದೆ ನಿಂತಳು.

"ಹೆಸರು?" ಎಂದ ಕ್ರಿಸಾಂತೊ, ತಲೆ ಎತ್ತದೆ.

"ಮಗನ ಧರ್ಮತಂದೆಗೆ ನನ್ನ ಹೆಸರು ಗೊತ್ತಿಲ್ವಾ ಪಾರೆ?"

"ಗೊತ್ತಿದೆ. ಆದ್ರೂ ಹೇಳು ಮಾರೆ, ಬರ್ಕೋಬೇಕು."

ಅವಳು ಹೇಳಿದಳು, ಮನೆತನದ ಹೆಸರೂ ಸೇರಿಸಿ, ಸಾವಕಾಶವಾಗಿ.